ಹೆತ್ತ ಮಗಳ ಅಂಗಿ

ತೀರಿಕೊಂಡ ಅಮ್ಮನ ತಲೆಗೆ ಅವಳು ಬಾಚಣಿಗೆ ತಾಗಿಸಿದ್ದಳಷ್ಟೆ, ಚಿಕ್ಕಮ್ಮ ಬಂದು ಅದನ್ನು ಕಸಿದುಕೊಂಡಳು.

"ಬಿಡು. ಕೊನೇ ಸಲ ಹೆತ್ತ ಮಗಳೇ ಬಾಚಬೇಕು ಅಂತ ಅಕ್ಕ ಹೇಳಿದ್ದಾಳೆ."

"ಹಾಗಾದ್ರೆ ನಾನ್ಯಾರು?"

"ನಿನಗೆ ಗೊತ್ತಿಲ್ದೇ ಇರೋದೇನಿದೆ?"

ಗೊತ್ತಿತ್ತು. ನಲವತ್ತೆರಡು ವರ್ಷದಿಂದ ಕೇಳಿ ಕೇಳಿ ಕಿವಿ ತೂತಾಗಿತ್ತು. ತೊಟ್ಟಿಲಲ್ಲಿದ್ದ ಮುದ್ದು ಮಗುವನ್ನು ಕಿನ್ನರಿಯರು ಹೊತ್ತೊಯ್ದು, ಬಲಭುಜ ಇಳಿಬಿದ್ದ ಈ ಅಳುಬುರುಕಿಯನ್ನು ಅದರ ಬದಲಿಗೆ ಅಲ್ಲಿ ಮಲಗಿಸಿದರಂತೆ. ಆ ವಾರ ಮಗುವಿಗೆ ಜ್ವರ ಬಂದು ಭುಜ ಸೋತ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಜ್ವರಕ್ಕೆ ರೆಕ್ಕೆ ಇರುವುದಿಲ್ಲವಲ್ಲ.

"ಕಾಯೋಣ, ಬಂದೇ ಬರ್ತಾಳೆ," ಎಂದಳು ಪಕ್ಕದ ಮನೆಯಾಕೆ.

ಹೆಣ ಸಾಗಿಸುವ ಗಾಡಿ ಬಂದು ಗಂಟೆಯಾಗಿತ್ತು. ಕುರ್ಚಿ ಹಾಕಿಕೊಂಡು ಕೂತ ಮಹಾ ಬುದ್ಧಿವಂತರೆಲ್ಲ ಬೀದಿಯ ತುದಿ ನೋಡುತ್ತಿದ್ದರು. ಇವರ ತಲೆಯಲ್ಲಿರುವುದು ಬರೀ ಮಣ್ಣು ಎಂದುಕೊಂಡಳು. ಆದರೂ ಒಂದೇ ಒಂದು ಸಲ ಮಗಳಾಗಿ ಅಮ್ಮನ ತಲೆ ಮುಟ್ಟಬೇಕೆಂದು ಅವಳಿಗೆ ಆಸೆಯಿತ್ತು.

*

ಅಮ್ಮ ದರ್ಜಿ. ಹೆತ್ತ ಮಗಳು ವಾಪಸು ಬಂದಾಗ ತೊಡಲೆಂದು ವರ್ಷಕ್ಕೊಂದು ಅಂಗಿ ಹೊಲಿದು ಪೆಟ್ಟಿಗೆಯಲ್ಲಿಡುತ್ತಿದ್ದಳು. ಅಳತೆಗೆ ಮಾತ್ರ ಇವಳು ಬೇಕು.

"ನೆಟ್ಟಗೆ ನಿಲ್ಲು. ಅವಳೂ ಈಗ ಇಷ್ಟೇ ಎತ್ತರ ಇರ್ತಾಳೆ."

"ನನಗೂ ಒಂದು ಹೊಲಿಯಮ್ಮ."

"ನಿನಗೆ ಚಿಕ್ಕಮ್ಮನ ಹಳೇದಿದೆಯಲ್ಲ."

*

ಆ ಅಂಗಿಗಳನ್ನೆಲ್ಲ ಬೀದಿಗೆ ಎಸೆಯುವ ಸಿಟ್ಟಿನಲ್ಲೇ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಮೇಲಿದ್ದದ್ದು ಹೋದ ವರ್ಷದ ನೀಲಿ ಅಂಗಿ. ಅಮ್ಮನನ್ನು ಕೆಣಕಲೆಂದೇ ಅದನ್ನು ತೊಟ್ಟುಕೊಂಡಳು.

ಅವಳು ದಿನಾ ತೊಡುವ ಹಳೇ ಅಂಗಿಗಳೆಲ್ಲ ಬಲಗಡೆ ಜಾರುತ್ತಿದ್ದವು. ಇದು ಜಾರಲಿಲ್ಲ. ಬಲಭುಜವನ್ನು ಅಮ್ಮ ಎರಡು ಬೆರಳಷ್ಟು ತಗ್ಗಿಸಿ ಹೊಲಿದಿದ್ದಳು. ಉಳಿದವನ್ನೂ ಒಂದೊಂದಾಗಿ ಬಿಡಿಸಿ ನೋಡಿದಳು. ತೀರಾ ಅಡಿಯಲ್ಲಿದ್ದ ಗೇಣುದ್ದದ ಅಂಗಿಯಲ್ಲೂ ಬಲಭುಜ ತಗ್ಗು.

"ಪೆದ್ದಿ," ಎಂದಳು ಅಮ್ಮನಿಗೆ. ಬೆಳಗಿನಿಂದ ಬಾರದ ಅಳು ಆಗ ಬಂತು.

ಮುಖ ಒರೆಸಿಕೊಂಡು ಹೊರಗೆ ಬಂದಾಗ ಪಕ್ಕದ ಮನೆಯಾಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಚಿಕ್ಕಮ್ಮ ಅಂಗಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಎಲ್ಲೂ ಒಂದು ಸುಕ್ಕಿರಲಿಲ್ಲ.

"ಬಂದೆಯಾ ಮಗಳೇ," ಎಂದಳು, ದನಿ ನಡುಗುತ್ತಿತ್ತು. "ಇಷ್ಟು ತಡ ಮಾಡೋದಾ?"

ಸ್ವಲ್ಪ ಹೊತ್ತಿನ ಹಿಂದೆ ಇದೇ ಕೈಯಿಂದ ಬಾಚಣಿಗೆ ಕಸಿದವಳು. ಇಂಥವರಿಗೆ ನಿಜ ಹೇಳುವುದೂ ದಂಡ ಎನ್ನಿಸಿತು.

"ಬಸ್ಸು ಸಿಗಲಿಲ್ಲ, ಚಿಕ್ಕಮ್ಮ."

ಚಿಕ್ಕಮ್ಮ ಸ್ಟೂಲನ್ನು ತನ್ನ ತೋಳಿನಿಂದಲೇ ಒರೆಸಿ ಅಮ್ಮನ ತಲೆಯ ಹತ್ತಿರ ಇಟ್ಟಳು. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಬಾಚಣಿಗೆ ನೀಡಿದಳು.