ಬ್ಯಾಟರಿ ಕ್ಲಾಸಿನಲ್ಲಿ ಗಂಡ ಹೆಂಡತಿ

ಸತೀಶ ಅಮೆರಿಕದ ವಾರೆನ್‌ನ ಕಾರು ಕಂಪನಿಯೊಂದರಲ್ಲಿ ಪೆಟ್ರೋಲ್ ಎಂಜಿನ್ ವಿನ್ಯಾಸ ಮಾಡುವ ಇಂಜಿನಿಯರ್. ಬ್ಯಾಟರಿ ಕಾರುಗಳ ಕೆಲಸ ಬಲ್ಲವರು ಸಿಗುತ್ತಿಲ್ಲವೆಂದು ಕಂಪನಿಯು ಹತ್ತಿರದ ವಿಶ್ವವಿದ್ಯಾಲಯದ ಜೊತೆ ಸೇರಿ ಸಂಜೆ ತರಬೇತಿ ಶುರುಮಾಡಿದಾಗ ಅವನು ಎಲ್ಲರಿಗಿಂತ ಮುಂಚೆಯೇ ಹೆಸರು ಕೊಟ್ಟ. ಹೊರಗಿನವರಿಗೂ ಸೀಟುಗಳಿದ್ದವು. ಹೆಂಡತಿ ಸುಹಾಸಿನಿಗೆ ಅಪ್ಲೈ ಮಾಡು ಎಂದವನೂ ಅವನೇ. ಅವಳು ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು. ಮದುವೆಯಾಗಿ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದ ಮೇಲೆ ವೀಸಾದ ಕಾರಣ ವರ್ಷಗಟ್ಟಲೆ ಮನೆಯಲ್ಲೇ ಉಳಿದಿದ್ದಳು. ಕೆಲಸದ ಪರ್ಮಿಟ್ ಸಿಕ್ಕಿದ್ದೇ ಇತ್ತೀಚೆಗೆ.

"ಸುಮ್ನೆ ಬಾ, ನಿಂಗೂ ಟೈಮ್ ಪಾಸ್ ಆಗತ್ತೆ," ಎಂದಿದ್ದ. ಅವಳಿಗೆ ತಿಳಿಯದ್ದನ್ನು ಕಾರಿನಲ್ಲಿ ಬರುವಾಗ ತಾನು ಹೇಳಿಕೊಡುವುದೆಂದು ಅಂದುಕೊಂಡಿದ್ದ.

ಆದದ್ದು ಬೇರೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಯಾಕೆ ಕುಗ್ಗುತ್ತದೆಂದು ಪ್ರೊಫೆಸರ್ ಕೇಳಿದ ದಿನ ಸತೀಶ ಕೈ ಎತ್ತುವಷ್ಟರಲ್ಲಿ ಸುಹಾಸಿನಿ ಉತ್ತರ ಹೇಳಿಯಾಗಿತ್ತು. ಅವರು ಅವಳನ್ನು ಬೋರ್ಡಿನ ಬಳಿಗೆ ಕರೆದರು. ಅವಳು ಮಾರ್ಕರ್ ಹಿಡಿದು, ಕಾಲೇಜಿನ ಮಕ್ಕಳಿಗೆ ಹೇಳುವ ಹಾಗೆ, ನಿಧಾನವಾಗಿ ವಿವರಿಸಿದಳು. ಸತೀಶನ ಸಹೋದ್ಯೋಗಿಗಳು ಬರೆದುಕೊಂಡರು.

"ಅದೇನು ದೊಡ್ಡ ಪ್ರಶ್ನೆ ಅಲ್ಲ ಬಿಡು," ಎಂದ ಸತೀಶ, ಕಾರಿನಲ್ಲಿ.

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?" ಅವಳು ನಗುತ್ತಲೇ ಕೇಳಿದಳು. ಅವನಿಗೆ ಆ ನಗು ಚುಚ್ಚಿತು.

ಭಾನುವಾರ ಅದೇ ಕ್ಲಾಸಿಗೆ ಬರುತ್ತಿದ್ದ ಗೆಳೆಯ ಪ್ರಜ್ವಲ್ ಮನೆಯ ಊಟಕ್ಕೆ ಹೋದಾಗ ಅಲ್ಲೂ ಅದೇ ಮಾತು. "ಏನ್ ಗುರು, ಮನೇಲೂ ಅವರೇ ಬಾಸು, ಕ್ಲಾಸಲ್ಲೂ ಅವರೇನಾ?" ಎಂದ ಪ್ರಜ್ವಲ್. ಎಲ್ಲರೂ ನಕ್ಕರು. ಸತೀಶನೂ ನಕ್ಕ. ತಟ್ಟೆಯ ಬಿಸಿಬೇಳೆಭಾತ್ ಮಾತ್ರ ಹಾಗೇ ಬಿಟ್ಟ.

ತರಬೇತಿ ಮುಗಿಯುವ ಹೊತ್ತಿಗೆ ಕಂಪನಿಯ ಬ್ಯಾಟರಿ ಲ್ಯಾಬಿಗೆ ಜನ ಆರಿಸುವ ಮ್ಯಾನೇಜರ್ ಲಿಂಡಾ ಅವನ ಮೇಜಿನ ಬಳಿ ನಿಂತಳು. ನಿನ್ನ ಹೆಂಡತಿಯನ್ನು ತೆಗೆದುಕೊಳ್ಳೋಣ ಅಂತಿದ್ದೇವೆ, ಬುದ್ಧಿವಂತೆ, ಎಂದಳು. ತನ್ನ ಬಗ್ಗೆ ಏನಾದರೂ ಹೇಳುತ್ತಾಳೇನೋ ಎಂದು ಸತೀಶ ಕಾದ. ಹೇಳಲಿಲ್ಲ.

"ಅವಳಿಗೆ ಫ್ರೀವೇಯಲ್ಲಿ ಕಾರು ಓಡಿಸೋದಂದ್ರೆ ಭಯ," ಎಂದುಬಿಟ್ಟ ಅವನು. "ಮಗಳು ಚಿಕ್ಕವಳು ಬೇರೆ. ಕೆಲಸ ಬೇಡ ಅಂತ ಅವಳೇ ಅಂತಿದ್ದಳು."

ಹೇಳಿದ ಮೇಲೆ ಎದೆ ಹಗುರಾಯಿತು. ತಪ್ಪು ಎಂದೂ ಆಗಲೇ ಗೊತ್ತಿತ್ತು.

ಆಯ್ಕೆಯಾದವರಲ್ಲಿ ಸುಹಾಸಿನಿ ಇರಲಿಲ್ಲ. ಸತೀಶನೂ ಇರಲಿಲ್ಲ. ತನ್ನಲ್ಲಿ ಏನು ಕೊರತೆ ಎಂದು ಕೇಳಲು ಅವಳು ಪ್ರೊಫೆಸರ್ ಬಳಿ ಹೋದಳು. "ನಿಮಗೇ ಇಷ್ಟವಿಲ್ಲ ಅಂತ ನಿಮ್ಮ ಗಂಡ ಲಿಂಡಾಗೆ ಹೇಳಿದರಂತಲ್ಲ?" ಎಂದು ಅವರು ಆಶ್ಚರ್ಯಪಟ್ಟರು.

ಅವಳು ಮನೆಗೆ ಬಂದಾಗ ಸತೀಶ ಹುರುಳಿಕಾಯಿ ಹೆಚ್ಚುತ್ತಿದ್ದ.

"ಲಿಂಡಾಗೆ ಏನ್ ಹೇಳಿದ್ರಿ?"

"ನಿಂಗೆ ಕಷ್ಟ ಆಗತ್ತೆ ಅಂತ..."

"ನಂಗೆ ಕಷ್ಟ ಆಗತ್ತೋ, ನಿಮ್ಗೋ?"

ಅವನು ಚಾಕು ಕೆಳಗಿಟ್ಟ. "ನಂಗೆ," ಎಂದ. "ಎಲ್ಲರೂ ನಿನ್ನೇ ಹೊಗಳ್ತಿದ್ರು. ತಡ್ಕೊಳ್ಳಕ್ಕಾಗ್ಲಿಲ್ಲ."

"ಇಷ್ಟು ವರ್ಷ ಎಲ್ಲರೂ ನಿಮ್ಮನ್ನೇ ಹೊಗಳ್ತಿದ್ರು. ನಾನು ತಡ್ಕೊಂಡಿದ್ದೆ, ರೀ."

ಮಗಳು ರಿಯಾ ಬಾಗಿಲಲ್ಲಿ ನಿಂತು, "ಆರ್ ಯು ಗೈಸ್ ಓಕೆ?" ಎಂದಳು. ಸತೀಶ ಮತ್ತೆ ಚಾಕು ಕೈಗೆತ್ತಿಕೊಂಡ.

ಮರುದಿನ ಬೆಳಿಗ್ಗೆ ಸುಹಾಸಿನಿ ಕೀ ತೆಗೆದುಕೊಂಡು ಒಬ್ಬಳೇ ಹೊರಟಳು. ಐ-696 ಫ್ರೀವೇಯಲ್ಲಿ ಟ್ರಕ್ಕುಗಳ ನಡುವೆ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಇಳಿಯಬೇಕಾದ ಎಕ್ಸಿಟ್ ತಪ್ಪಿಸಿಕೊಂಡು, ಸುತ್ತಿ ಬಳಸಿ ವಾರೆನ್ ಮುಟ್ಟಿದಳು. ತನಗೆ ಕೆಲಸ ಬೇಕೆಂದು ಲಿಂಡಾಗೆ ನೇರವಾಗಿ ಹೇಳಿದಳು. ಗಂಡ ಸುಳ್ಳು ಹೇಳಿದನೆಂದು ಮಾತ್ರ ಹೇಳಲಿಲ್ಲ, "ಅವರು ತಪ್ಪು ತಿಳಿದಿದ್ದರು," ಎಂದಳು. ವಸಂತದಲ್ಲಿ ಇನ್ನೊಂದು ಜಾಗ ತೆರವಾದಾಗ ಅವಳನ್ನೇ ಕರೆದರು.

ಈಗ ಇಬ್ಬರೂ ಒಂದೇ ಆವರಣಕ್ಕೆ ಹೋಗುತ್ತಾರೆ, ಬೇರೆ ಬೇರೆ ಕಾರುಗಳಲ್ಲಿ. ಸತೀಶ ಎಂಜಿನ್ ವಿಭಾಗದಲ್ಲೇ ಇದ್ದಾನೆ. ಅಲ್ಲಿ ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಹೊಟ್ಟೆಕಿಚ್ಚು ಹೋಗಿಲ್ಲ. ಅವಳು ಫೋನಿನಲ್ಲಿ ಲ್ಯಾಬಿನವರ ಜೊತೆ ನಗುತ್ತಾ ಮಾತಾಡಿದರೆ ಅವನಿಗೆ ಈಗಲೂ ಸಂಕಟ.

ಮೊನ್ನೆ ಊಟದ ಹೊತ್ತಿಗೆ ಮಾತ್ರ, ಅವಳಾಗಿ ಏನೂ ಹೇಳದಿದ್ದಾಗ, "ಇವತ್ತು ಲ್ಯಾಬಲ್ಲಿ ಏನ್ ಟೆಸ್ಟ್ ಮಾಡಿದ್ರಿ?" ಎಂದು ಕೇಳಿದ.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ನಂತರ ಹೇಳತೊಡಗಿದಳು. ಅವನಿಗೆ ಅರ್ಧ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳು ಎಂದ.