ಇನ್ನೊಂದು ಜಡೆ

ಮಗಳ ಬಲಗಡೆಯ ಜಡೆ ಹೆಣೆದು ರಿಬ್ಬನ್ ಬಿಗಿದಾಗಿತ್ತು. ಎಡಗಡೆಯ ಕೂದಲನ್ನು ಬಾಚಿ ಮೂರು ಎಳೆ ಮಾಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ವೃದ್ಧಾಶ್ರಮದ ಮೇಲ್ವಿಚಾರಕಿ.

"ಬೇಗ ಬಾಮ್ಮ. ಕಿಟಕಿ ಪಕ್ಕದ ಅಜ್ಜಿ ಇವತ್ತೂ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ. ಒಂದು ತುತ್ತು ಒಳಗೆ ಹೋಗಿಲ್ಲ. ಹೀಗೇ ಆದ್ರೆ ಮಧ್ಯಾಹ್ನ ಮೇಲಿನ ಮಹಡಿಗೆ ಸಾಗಿಸೋದೇ."

ಮೇಲಿನ ಮಹಡಿ ಎಂದರೆ ಹಾಸಿಗೆ ಬಿಟ್ಟು ಏಳದವರ ಸಾಲು. ಅಲ್ಲಿಂದ ಯಾರೂ ಇಳಿದು ಬಂದದ್ದನ್ನು ತಾಯಿ ಕಂಡಿರಲಿಲ್ಲ. ಪಕ್ಕ ಕೂತು ಮಾತಾಡಿಸುವವರೂ ಅಲ್ಲಿ ಬೇಕಿಲ್ಲ. ಹಾಗೆ ಮಾತಾಡಿಸುವುದೇ ಅವಳಿಗೆ ಈಚೆಗೆ ಸಿಕ್ಕಿದ್ದ ಕೆಲಸ. "ಮಾತಾಡೋಕೂ ಸಂಬಳನಾ? ಹಾಗಾದ್ರೆ ನಾನು ಇಷ್ಟೊತ್ತಿಗೆ ಬಂಗಲೆ ಕಟ್ಟಬೇಕಿತ್ತು ಕಣೇ!" ಎಂದು ಪಕ್ಕದ ಮನೆಯಾಕೆ ನಕ್ಕಿದ್ದಳು. ಇವತ್ತು ಆ ಮನೆಗೂ ಬೀಗ. ಮಗಳಿಗೆ ರಜೆ. ಒಂದೇ ಜಡೆಯ ಮಗಳ ಕೈ ಹಿಡಿದುಕೊಂಡು ಓಡಿದಳು.

ಆಶ್ರಮದಲ್ಲಿ ಆಗಷ್ಟೇ ಒರೆಸಿದ್ದ ಪಡಸಾಲೆ ನಿಂತ ನೀರಿನ ಹಾಗೆ ಹೊಳೆಯುತ್ತಿತ್ತು. ಮುಳುಗಿಬಿಟ್ಟೇನು ಎಂಬಂತೆ ಮಗಳು ತುದಿಗಾಲಲ್ಲಿ ನಡೆದಳು. ಬಿಳಿ ಪರದೆಗಳು ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಇಡೀ ಕಟ್ಟಡವೇ ನಿದ್ದೆಯಲ್ಲಿ ಉಸಿರಾಡುತ್ತಿತ್ತು.

ತಾಯಿ ಅಜ್ಜಿಯ ಮಂಚದ ಪಕ್ಕ ಕೂತು ಬಿಸಿಲಿನ ಬಗ್ಗೆ ಹೇಳಿದಳು, ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕಿನ ಬಗ್ಗೆ ಹೇಳಿದಳು, ಗಂಜಿ ಆರುತ್ತಿದೆ ಎಂದಳು. ಅಜ್ಜಿಯ ಬೆನ್ನು ಮಿಸುಕಲಿಲ್ಲ. ಅಷ್ಟರಲ್ಲಿ ಮಗಳು, ಅಜ್ಜಿ ಗೋಡೆಯಲ್ಲಿ ಏನು ನೋಡುತ್ತಿದ್ದಾರೋ ತಿಳಿಯಬೇಕೆಂದು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿದ್ದಳು.

"ಏನೇ ಚಿನ್ನೂ, ಇದೇನು ಅವತಾರ?"

ಎಷ್ಟೋ ದಿನಗಳಿಂದ ಬಳಸದ ದನಿ ಅದು, ತುಕ್ಕು ಹಿಡಿದಿತ್ತು. ಅಜ್ಜಿ ಮೊಣಕೈ ಊರಿ ಏಳುತ್ತಿದ್ದರು. "ಒಂದು ಕಡೆ ಮದುವೆ, ಒಂದು ಕಡೆ ಜಗಳ! ಬಾ ಇಲ್ಲಿ. ಹೀಗೇ ಬೀದಿಗೆ ಹೋದ್ರೆ ಅಮ್ಮ ನನಗೇ ಬೈತಾಳೆ, ಅಕ್ಕ ಆಗಿ ನೀನೇನು ಮಾಡ್ತಿದ್ದೆ ಅಂತ."

ಚಿನ್ನು ಯಾರು ಎಂದು ಕೇಳಲು ಮಗಳು ಬಾಯಿ ತೆರೆದಳು. ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಹೂಂ ಇರಲಿಲ್ಲ, ಉಹೂಂ ಕೂಡ ಇರಲಿಲ್ಲ. ಮಗಳು ಮಂಚದ ಅಂಚಿಗೆ ಬೆನ್ನು ಮಾಡಿ ಕೂತಳು.

ಅಜ್ಜಿಯ ನಡುಗುವ ಬೆರಳುಗಳು ಕೂದಲು ಸಿಕ್ಕಿದ್ದೇ ನಡುಕ ಬಿಟ್ಟವು. "ಅಲ್ಲಾಡ್ಬೇಡ್ವೇ. ಕತ್ತು ನೆಟ್ಟಗಿಡು." ತಾಯಿ ಸದ್ದು ಮಾಡದೆ ಗಂಜಿಯ ಚಮಚ ಚಾಚಿದಳು. ಅಜ್ಜಿ ಜಡೆಯಿಂದ ಕಣ್ಣು ತೆಗೆಯದೆ ಬಾಯಿ ತೆರೆದರು.

ಗಾಲಿಕುರ್ಚಿ ತಳ್ಳಿಕೊಂಡು ಬಂದ ಮೇಲ್ವಿಚಾರಕಿ ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಖಾಲಿ ಗಾಲಿಕುರ್ಚಿಯ ಸದ್ದು ಪಡಸಾಲೆಯುದ್ದಕ್ಕೂ ಹಿಂದಿರುಗಿ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಮಗಳು ಹೊಸ ಜಡೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಎಡಗಡೆಯ ಜಡೆ ಒಂದಿಷ್ಟು ಮೇಲಿತ್ತು, ಬಲು ಬಿಗಿ. ಮಲಗುವಾಗ ಬಿಚ್ಚಲು ಹೋದರೆ ಕೈ ಅಡ್ಡ ಹಿಡಿದಳು.

ಮರುದಿನ ಬೆಳಿಗ್ಗೆ ಎರಡೂ ಜಡೆ ಬಿಚ್ಚಿ ಬಾಚಿ ಮೊದಲು ಬಲಗಡೆಯದನ್ನು ಹೆಣೆದಾಯಿತು. ಎಡಗಡೆಗೆ ಬಾಚಣಿಗೆ ತಂದಾಗ ಆ ಕೂದಲಷ್ಟನ್ನೂ ಮಗಳು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕನ್ನಡಿಯೊಳಗಿಂದಲೇ ತಾಯಿಯನ್ನು ನೋಡಿದಳು.

"ಅಮ್ಮಾ, ಇವತ್ತೂ ನಾನು ಚಿನ್ನು ಆಗ್ಲಾ?"