ಮೂರು ಕ್ಯಾಸೆಟ್ಟು, ಮೂರೂ ಒಂದನೆಯದು

ನಮ್ಮವರು ಮನೆಗೆ ಕಂಪ್ಯೂಟರ್ ತಂದದ್ದು ತಮ್ಮ ಅಣ್ಣನನ್ನು ಒಂದು ಮಾತು ಕೇಳುವುದು ತಪ್ಪಲಿ ಎಂದು. ಇದನ್ನು ಅವರು ಇವತ್ತಿಗೂ ಒಪ್ಪುವುದಿಲ್ಲ. ಕೇಳಿದರೆ ಅದು ವಿಜ್ಞಾನ ಅನ್ನುತ್ತಾರೆ.

ವಿಷಯ ಇಷ್ಟೆ. ನಮ್ಮ ಜನದಲ್ಲಿ ಮದುವೆಯ ಧಾರೆಗೆ ಮುಂಚೆ ಮನೆಗಳ ಹೆಸರು ಕೂಗಿ ವೀಳ್ಯ ಕೊಡಬೇಕು. ಬಾಗಲೂರಿಂದ ಕೃಷ್ಣಗಿರಿಯವರೆಗೆ ನಲವತ್ತೊಂದು ಮನೆ. ಯಾವ ಮನೆ ಮೊದಲು, ಯಾವುದು ಆಮೇಲೆ ಎಂಬುದು ಮುತ್ತಾತನ ಕಾಲದಲ್ಲೇ ತೀರ್ಮಾನವಾಗಿದೆ. ಒಂದು ಹೆಸರು ಹಿಂದೆ ಮುಂದೆ ಆದರೆ ಆ ಮನೆಯವರು ಊಟದ ಎಲೆ ಬಿಟ್ಟು ಎದ್ದು ಹೋಗುತ್ತಾರೆ. ವೀಳ್ಯದೆಲೆ ಒರೆಸಿ ಜೋಡಿಸುವುದು ಹೆಂಗಸರ ಕೆಲಸ, ಕೂಗುವ ಜಂಬ ಗಂಡಸರದು. ಆ ಸರದಿಯನ್ನು ನಮ್ಮ ಮಾವನವರು ಹಿರಿಯ ಮಗ ಮುತ್ತರಾಯಪ್ಪನವರಿಗೆ, ಅಂದರೆ ನನ್ನ ಭಾವನವರಿಗೆ, ಬಾಯಿಪಾಠ ಮಾಡಿಸಿ ಕಣ್ಣು ಮುಚ್ಚಿದರು.

ಎಪ್ಪತ್ತೊಂಬತ್ತರಲ್ಲಿ ನಾದಿನಿ ನರಸಮ್ಮನ ಮದುವೆ ಬಂತು. ನಮ್ಮವರು ಆಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರು. ಆ ಊರು ಈ ಊರು ಸುತ್ತಿ, ಮುದುಕರನ್ನೆಲ್ಲ ಕೇಳಿ, ಸರದಿಯನ್ನು ಆಫೀಸಿನಲ್ಲಿ ಟೈಪು ಮಾಡಿಸಿ ತಂದು, ಚಪ್ಪರದಲ್ಲಿ ತಾವೇ ನಿಂತು ಓದಿದರು. ಮೂರನೆಯ ಹೆಸರು ಬಾಗಲೂರಿನ ನಮ್ಮ ಮಾವನವರ ಮನೆಯದೇ. ಅದನ್ನು ಕೂಗಿದ್ದೇ ತಡ, ಭಾವನವರು ಹೆಗಲ ಮೇಲಿನ ಟವೆಲ್ ಕೊಡವಿ, ಉಣ್ಣದೆ ಹೊರಟುಹೋದರು. ತಮ್ಮದೇ ಮನೆಯ ಮದುವೆಯಲ್ಲಿ ತಮ್ಮ ಮನೆಯನ್ನು ಮೂರನೆಯದಾಗಿ ಕೂಗಿದ್ದಕ್ಕೆ ಸಿಟ್ಟು ಎಂದು ಎಲ್ಲರೂ ಮಾತಾಡಿಕೊಂಡರು. ಅಲ್ಲಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಆ ಚೀಟಿ ಷರಟಿನ ಜೇಬಿನಲ್ಲೇ ಉಳಿದು ನನ್ನ ಒಗೆಯುವ ಕಲ್ಲಿನ ಮೇಲೆ ಹಿಟ್ಟಾಯಿತು. ಆ ಪಾಪವನ್ನೂ ನನ್ನ ತಲೆಗೇ ಕಟ್ಟಿದರು.

ಮಗಳು ಆದಿಲಕ್ಷ್ಮಿ ದೊಡ್ಡಪ್ಪನ ಹೆಗಲ ಮೇಲೆ ಬೆಳೆದವಳು. ಅವಳಿಗೆ ಗಂಡು ನೋಡುವ ಮಾತು ಎತ್ತಿದಾಗಲೇ ಹೇಳಿಬಿಟ್ಟಳು, ದೊಡ್ಡಪ್ಪ ಬಂದು ಉಣ್ಣದಿದ್ದರೆ ಹಸೆಮಣೆ ಹತ್ತುವುದಿಲ್ಲ ಎಂದು. ಹುಡುಗಿ ಹೇಳಿದ್ದನ್ನು ಮಾಡುವವಳು. ಹಾಗಾಗಿ ಈ ಸಲ ಸರದಿ ಒಂದು ಕೂದಲೆಳೆ ತಪ್ಪಬಾರದು, ಆದರೆ ಭಾವನವರನ್ನು ಮಾತ್ರ ಕೇಳಬಾರದು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗೆ ನಮ್ಮವರು ಮತ್ತೆ ಊರೂರು ಸುತ್ತಿದರು. ಬಾಗಲೂರಿಗೆ ಹೋದರೆ ಅರ್ಧ ಗಂಟೆಯ ಕೆಲಸ ಎಂದು ಒಮ್ಮೆ ಅಂದೆ. ಮೂರು ದಿನ ನನ್ನೊಡನೆಯೂ ಮಾತು ಬಿಟ್ಟರು.

ಎಂಬತ್ತಾರರಲ್ಲಿ ಕಾರ್ಖಾನೆಯ ಆಫೀಸರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೇ ಕಂಪ್ಯೂಟರನ್ನು ಇವರಿಗೆ ಮಾರಿದರು. ನೋಡಲು ಒಂದು ಟೈಪ್‌ರೈಟರಿನ ಕೀಲಿಮಣೆ, ಅಷ್ಟೆ. ಅದನ್ನು ಟೀವಿಗೆ ಸಿಕ್ಕಿಸಬೇಕು. ಅದರ ನೆನಪೆಲ್ಲ ಹಾಡಿನ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರ್ ಹಚ್ಚಿದರೆ ಆರು ನಿಮಿಷ ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಮಾಡಿ, ಮನಸ್ಸು ಬಂದರೆ ಹೆಸರುಗಳನ್ನು ಸಾಲಾಗಿ ತೋರಿಸುತ್ತಿತ್ತು. ಮನಸ್ಸು ಬರದಿದ್ದರೆ ಮತ್ತೆ ಆರು ನಿಮಿಷ. ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ನಾಲ್ಕು ಕೀಲಿಗಳ ಅಕ್ಷರ ಅಳಿಸಿತ್ತು, ಕಾದರೆ ಮೂರ್ಛೆ ಹೋಗುತ್ತಿತ್ತು, ಅದಕ್ಕೆ ಬೀಸಣಿಗೆ ಬೀಸುವ ಸೇವೆ ನನ್ನದು.

ಹೆಸರುಗಳನ್ನೆಲ್ಲ ಅದರೊಳಗೆ ತುಂಬಿದ ಮೇಲೆ, ಬರೆದುಕೊಂಡಿದ್ದ ಪುಸ್ತಕವನ್ನು ನಮ್ಮವರು ಹಂಡೆ ಒಲೆಗೆ ಹಾಕಿದರು. ಕಾಗದವನ್ನು ಇಲಿ ತಿನ್ನುತ್ತದೆ, ಕಂಡವರು ತಿದ್ದುತ್ತಾರೆ, ಕ್ಯಾಸೆಟ್ಟನ್ನು ಯಾರೂ ಓದಲಾರರು ಎಂಬುದು ಅವರ ಭದ್ರತೆ. ಆದರೆ ಆಫೀಸರು ಹೋಗುವಾಗ ಹೇಳಿದ್ದರಂತೆ: ಮೆಷಿನ್ನು ಮುದಿಯಾಗಿದೆ, ಕ್ಯಾಸೆಟ್ಟಿಗೆ ಮೂರು ನಕಲು ಮಾಡಿ ಮೂರು ಊರಲ್ಲಿಡಿ, ಮುಖ್ಯವಾಗಿ ಅಯಸ್ಕಾಂತದ ಹತ್ತಿರ ಬಿಡಬೇಡಿ ಎಂದು. ಮಗಳಿಗೆ ಗಂಡೇ ಗೊತ್ತಾಗಿರಲಿಲ್ಲ, ಅವಳ ಮದುವೆಯ ಸರದಿಗೆ ಕಾವಲು ಸಿದ್ಧವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ನಮ್ಮವರು ಅಣೆಕಟ್ಟು ಕಟ್ಟುವವರ ಹಾಗೆ ನಕ್ಷೆ ಬರೆದರು. ಎಲ್ಲಿ ತೇವ, ಎಲ್ಲಿ ಶಾಖ, ಯಾರ ಮನೆಯಲ್ಲಿ ಮಕ್ಕಳು ಹಾಡು ತುಂಬಿಸಿಕೊಳ್ಳುತ್ತಾರೆ ಎಂದು ಒಂದು ತಿಂಗಳು ಯೋಚಿಸಿದರು.

ಮೂಲ ನಮ್ಮ ಮನೆಯಲ್ಲಿ. ಒಂದು ನಕಲು ಕೆಲಮಂಗಲದಲ್ಲಿ ಅವರ ಸೋದರಮಾವ ಪಾಪಯ್ಯನವರ ದೇವರ ಗೂಡಿಗೆ. ಇನ್ನೊಂದು ಕೃಷ್ಣಗಿರಿಯಲ್ಲಿ ಮಾವಿನ ಮಂಡಿ ಇಟ್ಟಿರುವ, ನರಸಮ್ಮನ ಮಾವ ರಾಮಾಂಜಿನಪ್ಪನವರ ಕಬ್ಬಿಣದ ಪೆಟ್ಟಿಗೆಗೆ. ಮೂರನೆಯದಕ್ಕೆ ಎಷ್ಟು ಲೆಕ್ಕ ಹಾಕಿದರೂ ಇಡೀ ತಾಲ್ಲೂಕಿನಲ್ಲಿ ಒಣಗಿದ, ತಣ್ಣಗಿನ ಜಾಗ ಒಂದೇ ಬಂತು: ಬಾಗಲೂರಿನ ಭಾವನವರ ಮನೆಯ ಆಳೆತ್ತರದ ಮಣ್ಣಿನ ರಾಗಿ ವಾಡೆ. ವಿಜ್ಞಾನದ ಮಾತು, ತಳ್ಳಿಹಾಕುವಂತಿಲ್ಲ. ಆದಿಲಕ್ಷ್ಮಿ ನಾನೇ ಕೊಟ್ಟು ಬರುತ್ತೇನೆ ಎಂದಳು.

ತೊಂದರೆ ಶುರುವಾದದ್ದು ನಂಬರಿನಿಂದ: ಮೂಲಕ್ಕೆ ಒಂದು, ನಕಲುಗಳಿಗೆ ಎರಡು, ಮೂರು, ನಾಲ್ಕು. ಪಾಪಯ್ಯನವರು ನಮ್ಮವರ ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡು ತಿರುಗಿಸಿ ನೋಡಿದರು. "ಎರಡು ಅಂತ ಬರ್ದೈತಲ್ಲಾ ಶ್ಯಾಮ, ಒಂದ್ನೇದು ಯಾರ್ ಮನ್ಯಾಗೈತೆ?" ಎಂದರು. ಒಂದನೆಯದು ನಮ್ಮ ಮನೆಯಲ್ಲೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡನೆಯದನ್ನು ಇಟ್ಟುಕೊಳ್ಳಲು ತಾವೇನು ಕೂಡಿಕೆ ಮದುವೆಯವರೇ ಎಂದು ಕ್ಯಾಸೆಟ್ಟನ್ನು ಮಣೆಯ ಮೇಲಿಟ್ಟು ಎಲೆ ಅಡಿಕೆಗೆ ಕೈ ಹಾಕಿದರು. ರಾಮಾಂಜಿನಪ್ಪನವರಂತೂ ಮೂರು ಎಂಬುದನ್ನು ಕಂಡು ಲೋಟದ ಕಾಫಿಯನ್ನೇ ಮುಟ್ಟಲಿಲ್ಲ. ನಮ್ಮವರು ಹೆದರಿ, ಅಂಗಡಿಯಿಂದ ಹೊಸ ಚೀಟಿ ತಂದು, ಎಲ್ಲದರ ಮೇಲೂ ಒಂದು ಎಂದೇ ಬರೆದರು. ಹೀಗೆ ನಮ್ಮ ವಂಶದಲ್ಲಿ ಎರಡನೆಯದು ಎಂಬುದೇ ಇಲ್ಲವಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಸಂತೆಯ ದಿನ ಪಾಪಯ್ಯನವರು ಬಂದು, ತಾನು ದಿನಾ ಅರಿಶಿನ ಕುಂಕುಮ ಹಚ್ಚಿ ಕಾಯುತ್ತಿರುವುದರೊಳಗೆ ಏನಿದೆ ಎಂದು ಟೀವಿಯಲ್ಲಿ ತೋರಿಸು ಎಂದರು. ತೋರಿಸಿದರು. ಅವರ ಮನೆ ಐದನೆಯದು. ಅದು ಐದನೆಯದೇ ಎಂದು ಅವರಿಗೂ ಹುಟ್ಟಿದಾಗಿನಿಂದ ಗೊತ್ತು. ಆದರೆ ಟೀವಿಯಲ್ಲಿ ಕಾಣುವುದು ಬೇರೆ ಮಾತು. ಮಂಕಾಗಿ ಕೂತರು. ಮದುವೆಗೆ ಬರಲಿಕ್ಕಿಲ್ಲವೇನೋ ಎಂದು ನಮ್ಮವರಿಗೆ ದಿಗಿಲಾಗಿ, ಅಲ್ಲೇ ಪಾಪಯ್ಯನವರನ್ನು ಮೊದಲಿಗೆ ಹಾಕಿ ಹೊಸದಾಗಿ ತುಂಬಿಸಿ ಕೊಟ್ಟರು. ಸುದ್ದಿ ಕೃಷ್ಣಗಿರಿ ಮುಟ್ಟುವ ಮುಂಚೆ ರಾಮಾಂಜಿನಪ್ಪನವರ ಕ್ಯಾಸೆಟ್ಟಿನಲ್ಲಿ ರಾಮಾಂಜಿನಪ್ಪನವರೇ ಮೊದಲಾದರು. ಬಾಗಲೂರಿನದನ್ನು ಯಾರೂ ಕೇಳದೆಯೇ ಬದಲಿಸಿ, ಅಣ್ಣನ ಮನೆ ಮೊದಲು ಎಂದು ಡಬ್ಬಿಯ ಚೀಟಿಯಲ್ಲೂ ಬರೆದು ಮಗಳ ಕೈಯಲ್ಲಿ ಕಳಿಸಿದರು. ಅದು ಅವರ ಕ್ಷಮಾಪಣೆ. ಬಾಯಿಬಿಟ್ಟು ಕೇಳುವುದಕ್ಕಿಂತ ಅದೇ ಅವರಿಗೆ ಸುಲಭ.

ಇದು ಮೋಸವಲ್ಲವೇ ಎಂದೆ. ನಕಲು ತಾನೇ, ಅಸಲು ಇಲ್ಲಿದೆಯಲ್ಲ, ಕೂಗುವುದು ಅಸಲು ನೋಡಿ ಎಂದರು.

ಎಂಬತ್ತೆಂಟರಲ್ಲಿ ಮದುವೆ ಗೊತ್ತಾಯಿತು. ಆದಿಲಕ್ಷ್ಮಿ ಬಾಗಲೂರಿಗೆ ಹೋಗಿ ಕರೆದು ಬಂದಳು. ದೊಡ್ಡಪ್ಪ ಬತ್ತೀನಿ ಅಂದರು ಎಂದಳು. ನಮ್ಮವರು ಕ್ಯಾಸೆಟ್ಟಿನ ಮಹಿಮೆ ಎಂದು ಮೀಸೆ ತಿರುವಿದರು.

ಮದುವೆಯ ದಿನ ಬೆಳಗ್ಗೆ ಟೀವಿ, ಕಂಪ್ಯೂಟರ್, ಟೇಪ್ ರೆಕಾರ್ಡರ್ ಎಲ್ಲ ಹೊಸೂರಿನ ಛತ್ರಕ್ಕೆ ಬಂದವು. ಎರಡು ವರ್ಷ ಅಯಸ್ಕಾಂತಕ್ಕೆ ಹೆದರಿ ನನ್ನ ಹೊಲಿಗೆ ಡಬ್ಬಿಯನ್ನೂ ಪಕ್ಕದ ಕೋಣೆಗೆ ಗಡೀಪಾರು ಮಾಡಿದ್ದ ನಮ್ಮವರು, ಜನ ತುಳಿದಾರು ಎಂದು ಅಸಲು ಕ್ಯಾಸೆಟ್ಟನ್ನು ಎತ್ತರದ ಜಾಗ ಹುಡುಕಿ ಇಟ್ಟರು. ಆ ಎತ್ತರದ ಜಾಗ ಮೈಕ್ ಸೆಟ್ಟಿನವನ ದೊಡ್ಡ ಸ್ಪೀಕರಿನ ಬೆನ್ನು. ಅದರೊಳಗೆ ತಟ್ಟೆಯಷ್ಟು ಅಗಲದ ಅಯಸ್ಕಾಂತ. ವೀಳ್ಯದ ಹೊತ್ತಿಗೆ ಕ್ಯಾಸೆಟ್ಟು ಹಚ್ಚಿದರೆ ಸಾಸಿವೆ ಸಿಡಿಯಲಿಲ್ಲ, ಗೊರಗೊರ ಎಂದಿತು. ಮೈಕ್ ಸೆಟ್ಟಿನವನು ಕಿವಿಗೊಟ್ಟು ಕೇಳಿ, "ಪೋಚು ಸಾರ್" ಎಂದು, ಎಲ್ಲ ಹೋಯಿತು ಎಂಬುದನ್ನು ತಮಿಳಿನಲ್ಲೇ ಹೇಳಿ ಶಾಸ್ತ್ರ ಮುಗಿಸಿದ.

ಪಾಪಯ್ಯನವರು ಎದೆಯುಬ್ಬಿಸಿ ತಮ್ಮ ಕ್ಯಾಸೆಟ್ಟು ಕೊಟ್ಟರು. ನಮ್ಮವರು ಬೇಡ ಎನ್ನುವ ಮೊದಲೇ ಯಾರೋ ಅದನ್ನು ಹಚ್ಚಿಯಾಗಿತ್ತು. ಆರು ನಿಮಿಷ ಆದ ಮೇಲೆ ನಲವತ್ತೊಂದು ಮನೆಯವರ ಎದುರು ಟೀವಿಯಲ್ಲಿ ಪಾಪಯ್ಯನವರ ಹೆಸರು ಎಲ್ಲಕ್ಕಿಂತ ಮೇಲೆ ನಿಂತಿತು. ರಾಮಾಂಜಿನಪ್ಪನವರು ಇದು ಕಳ್ಳ ಕ್ಯಾಸೆಟ್ಟು, ನನ್ನದು ನೋಡಿ ಎಂದರು. ಮತ್ತೆ ಆರು ನಿಮಿಷ. ಮೇಲೆ ರಾಮಾಂಜಿನಪ್ಪನವರು. ಇಬ್ಬರೂ ಕ್ಯಾಸೆಟ್ಟಿನ ಮೇಲಿನ ಒಂದು ಎಂಬ ನಂಬರನ್ನು ಎತ್ತಿ ಹಿಡಿದು ಕೂಗಾಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನಮ್ಮವರ ಕಡೆ ತಿರುಗಿದರು. ಚಾಪೆಗಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಏಳತೊಡಗಿದರು. ಒಳಗೆ ಆದಿಲಕ್ಷ್ಮಿ ಬಾಸಿಂಗ ಕಟ್ಟಿಸಿಕೊಂಡು ಕೂತಿದ್ದಳು. ಇಷ್ಟು ವರ್ಷ ಗಂಡನನ್ನು ನೋಡಿ ನಕ್ಕ ನಾನು, ಅವಳಿಗೆ ಇದು ಕಾಣದಿರಲಿ ಎಂದು ಬಾಗಿಲಿಗೆ ಅಡ್ಡ ನಿಂತೆ.

ಭಾವನವರು ಕಂಬಕ್ಕೆ ಒರಗಿ ನಿಂತಿದ್ದರು. ನಮ್ಮವರು ಮೂರನೆಯ ಕ್ಯಾಸೆಟ್ಟಿಗೆ ಕೈ ಚಾಚಿದರು. ಭಾವನವರು ಅದನ್ನು ಜೇಬಿನಿಂದ ತೆಗೆದು, ಡಬ್ಬಿಯ ಚೀಟಿ ನೋಡಿ, ಮತ್ತೆ ಜೇಬಿಗೇ ಇಟ್ಟುಕೊಂಡರು.

"ಇದ್ರಾಗೆ ನಾನೇ ಮೊದ್ಲು ಇದ್ದೀನಿ. ಇದೂ ಸುಳ್ಳೇ" ಎಂದರು.

ನಮ್ಮವರು ವೀಳ್ಯದ ತಟ್ಟೆಯನ್ನು ಅಣ್ಣನ ಮುಂದೆ ಹಿಡಿದರು. ಕೊನೆಗೆ ಒಂಬತ್ತು ವರ್ಷ ಬಾರದ ಮಾತು ಬಂತು.

"ನಂಗೊತ್ತಿಲ್ಲ ಅಣ್ಣಾ. ನೀನೇ ಕೂಗು."

ಭಾವನವರು ಮುಂದೆ ಬಂದು, ಟೀವಿಯ ಕಡೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ ಕೂಗಿದರು. ಮೊದಲ ಮನೆ, ಎರಡನೆಯ ಮನೆ. ಮೂರನೆಯದು ಬಾಗಲೂರು ಎಂದು ದನಿ ಒಂದಿಷ್ಟೂ ಇಳಿಸದೆ ಕೂಗಿದರು. ಎದ್ದವರು ಕೂತರು. ಐದನೆಯದಕ್ಕೆ ಪಾಪಯ್ಯನವರು ಕೈಯೊಡ್ಡಿದರು. ನಲವತ್ತೊಂದೂ ಮುಗಿಯಲು ಕಾಲು ಗಂಟೆ ಹಿಡಿಯಲಿಲ್ಲ. ಧಾರೆ ಆಯಿತು.

ಊಟಕ್ಕೆ ಭಾವನವರು ಮೊದಲ ಪಂಕ್ತಿಯಲ್ಲೇ ಕೂತರು. ನಮ್ಮವರು ಬಡಿಸುವವರ ಕೈಯಿಂದ ಸಾರಿನ ಬಕೆಟ್ಟು ಕಿತ್ತುಕೊಂಡು ಅವರ ಎಲೆಯ ಮುಂದೆ ಹೋದರು. ಮೂರನೆಯದು ಎಂದು ಇವತ್ತು ನೀನೇ ಕೂಗಿದೆ, ಅವತ್ತು ಯಾಕೆ ಎದ್ದು ಹೋದೆ ಎಂದು ಮೆಲ್ಲಗೆ ಕೇಳಿದರು. ಭಾವನವರು ಅನ್ನದಲ್ಲಿ ಗುಳಿ ಮಾಡುತ್ತ, ತಲೆ ಎತ್ತದೆ ಹೇಳಿದರು.

"ನೀನು ಕೂಗಿದ್ದು ಅವತ್ತೂ ಸರಿಯಾಗೇ ಇತ್ತು ಕಣ್ಲಾ. ಅಪ್ಪ ಕಲ್ಸಿದ್ದು ನಂಗೆ. ನಿನ್ ಪಕ್ಕದಾಗೇ ನಿಂತಿದ್ದೆ. ನೀನು ನನ್ನ ನೋಡ್ಲಿಲ್ಲ, ಚೀಟಿ ನೋಡ್ದೆ."

ಅವರ ಹಿಂದೆ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ನಮ್ಮವರಿಗೆ ಎರಡು ಕೈಯಲ್ಲೂ ಬಕೆಟ್ಟಿತ್ತು, ಒರೆಸಿಕೊಳ್ಳಲು ಆಗಲಿಲ್ಲ.